ಜಾಡಿಯ ಮೇಲಿನ ನೊರೆ

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಜನಿವಾರ ಹಾಕಿಕೊಂಡು ಮಗ್ಗದ ಕುಣಿಗೆ ಇಳಿಯುವ ಜನ ನಾವು. ಅಂಥ ಮನೆಯ ಜಗಲಿಗೆ ಮೀನೊಂದು ಬಂತು. ಉಪ್ಪಿನಕಾಯಿ ಸೀಸೆಯಲ್ಲಿ ಕೂತು, ನನ್ನ ಮಗಳು ರಂಗನಾಯಕಿಯ ಕೈಯಲ್ಲೇ ಬಂತು.

ಕಳಿಸಿದವರು ಎಡಪ್ಪಾಡಿಯ ಹೆಣ್ಣುಮಕ್ಕಳ ಸ್ಕೂಲಿನ ದೊಡ್ಡ ಟೀಚರು, ಮುನಿರತ್ನಮ್ಮ. ಅವರ ತಮ್ಮ ಪಿನಾಂಗಿನಲ್ಲಿ ಅಂಗಡಿ ಗುಮಾಸ್ತ. ಊರಿಗೆ ಬರುವಾಗ ಎಲ್ಲರೂ ಸೆಂಟು, ಕೊಡೆ ತರುತ್ತಾರೆ. ಈತ ಸಯಾಮ್ ದೇಶದ ಮೀನು ತಂದಿದ್ದ. ಬೇಸಿಗೆ ರಜೆಗೆ ಕೊಯಮತ್ತೂರಿಗೆ ಅಕ್ಕನ ಮನೆಗೆ ಹೊರಟ ಟೀಚರು ಅದನ್ನು ನನ್ನ ಮಗಳಿಗೆ ಒಪ್ಪಿಸಿ ಒಂದು ಮಾತು ಹೇಳಿದ್ದರು. ಟೀಚರ್ ಕೆಲಸ ಕಲಿಸುವ ಸೇಲಂ ಟ್ರೈನಿಂಗ್ ಸ್ಕೂಲಿಗೆ ಸೇರಲು ಎಂಟನೇ ಕ್ಲಾಸು ಪಾಸಾದ ಇಬ್ಬರು ಹುಡುಗಿಯರು ಶಿಫಾರಸು ಕಾಗದ ಕೇಳುತ್ತಿದ್ದಾರೆ, ತಾನು ಬರೆಯುವುದು ಒಬ್ಬಳಿಗೇ. "ಒಂದು ಜೀವಾನ ಎರಡು ತಿಂಗಳು ನೋಡ್ಕೊಳ್ಳೋಕೆ ಬರುತ್ತಾ ನೋಡ್ತೀನಿ. ಅದು ಬರದೋರು ನಲವತ್ತು ಮಕ್ಕಳ ಕ್ಲಾಸಿಗೆ ಹೋಗಿ ಏನು ಮಾಡ್ತಾರೆ?"

ಇದನ್ನು ಕೇಳಿ ನನ್ನ ಹೆಂಡತಿ ಗಂಗಲಕ್ಷ್ಮಮ್ಮ ತಾನೂ ಒಂದು ಮಾತು ಹೇಳಿದಳು.

"ಸರಿ. ಕಾಗದ ಬಂದ್ರೆ ಓದ್ಲಿ. ಬರ್ಲಿಲ್ಲಾಂದ್ರೆ ಆವಣಿ ತಿಂಗಳ ಮುಹೂರ್ತಕ್ಕೆ ನಮ್ಮ ಎಲ್ಲಪ್ಪಂಗೆ ಕೊಟ್ಬಿಡಾಣ. ಆಮ್ಯಾಕೆ ಯಾರೂ ಮಾತಾಡಂಗಿಲ್ಲ."

ಎಲ್ಲಪ್ಪ ಅವಳ ತಮ್ಮ. ಮಾರಂಡಹಳ್ಳಿಯಲ್ಲಿ ರಾಗಿ ವ್ಯಾಪಾರ, ವಯಸ್ಸು ಮೂವತ್ತೊಂದು. ಸೋದರಮಾವ, ಹಕ್ಕು ಇರುವವನು. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಕೂತಲ್ಲೇ ನಿದ್ದೆ ಮಾಡುತ್ತಾನೆ, ಅಷ್ಟೇ. ತನ್ನ ಅಪ್ಪನ ತಿಥಿಯಲ್ಲಿ ಎಡೆಯ ಮುಂದೆಯೇ ನಿದ್ದೆ ಹೋಗಿದ್ದ. ಹದಿನೈದು ವರ್ಷದ ನನ್ನ ಮಗಳು ಒಂದು ನಿಮಿಷ ಸುಮ್ಮನೆ ಕೂರುವವಳಲ್ಲ. ಅವಳನ್ನು ಆ ಗೊರಕೆಯ ಪಕ್ಕದಲ್ಲಿ ನೆನೆಸಿಕೊಂಡಾಗಲೆಲ್ಲ ನನ್ನ ಕೈಯ ಲಾಳಿ ದಾರಿ ತಪ್ಪುತ್ತಿತ್ತು.

ಹೀಗೆ ನಮ್ಮ ಮನೆಯ ಮರ್ಯಾದೆ, ಮಗಳ ಓದು, ಮಾರಂಡಹಳ್ಳಿಯ ಮದುವೆ ಎಲ್ಲವೂ ಒಂದೂವರೆ ಅಂಗುಲದ ಮೀನಿನ ಮೇಲೆ ನಿಂತವು. ಮೀನಿಗೆ ಅದರ ಪರಿವೆ ಇದ್ದಂತೆ ಕಾಣಲಿಲ್ಲ.

ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀಲಿ ಹಾಸಿನ ಎಳೆಗೆ ಹಸಿರು ಹೊಕ್ಕು ಹೊಡೆದರೆ ನವಿಲಿನ ಕುತ್ತಿಗೆಯ ಬಣ್ಣ ಬರುತ್ತದಲ್ಲ, ಅದೇ ಬಣ್ಣ. ಬಾಲವೋ ಮುಹೂರ್ತದ ಸೀರೆಯ ಸೆರಗು. ಆ ಬಣ್ಣ ಕೂಡಿಸಲು ನನಗೆ ಮೂರು ದಿನ ಬೇಕು. ಅದು ಏನೂ ಮಾಡದೆ ಉಟ್ಟುಕೊಂಡು ಓಡಾಡುತ್ತಿತ್ತು.

ಸೀಸೆ ಸಾಲದು, ಅದಕ್ಕೊಂದು ಗಿಡಗಳ ಕೊಳ ಆಗಬೇಕು ಎಂದಳು ರಂಗಿ. ಎದುರುಮನೆಯ ಕುಪ್ಪಸ್ವಾಮಿಯ ಅಂಗಡಿಯಲ್ಲಿ ಬಾಯಿ ಒಡೆದ ಬಿಸ್ಕತ್ತಿನ ಗಾಜಿನ ಜಾಡಿ ಇತ್ತು, ನೀರಿನ ಕೊಡದಷ್ಟು ದೊಡ್ಡದು. ಅದನ್ನು ತಂದೆವು. ಪೂಲಾಂಪಟ್ಟಿಯ ಹೊಳೆಯಿಂದ ಮರಳು ತರಿಸಿ ರಂಗಿ ಏಳು ನೀರಲ್ಲಿ ತೊಳೆದಳು.

"ಮನೆ ಅಕ್ಕೀನ ಒಂದಿನಾನಾದ್ರೂ ಇಂಗೆ ತೊಳ್ದಿದ್ದೀಯೇನೇ?" ಎಂದಳು ಅವಳವ್ವ.

ಕೆರೆಯಿಂದ ಎರಡು ಥರದ ಪಾಚಿಗಿಡ ಕಿತ್ತು ತಂದು ಮರಳಿನಲ್ಲಿ ನೆಟ್ಟಳು. ಬೆಳಿಗ್ಗೆ ನೋಡಿದರೆ ಎಲ್ಲವೂ ಮೇಲೆ ತೇಲುತ್ತಿದ್ದವು. ಮತ್ತೆ ನೆಟ್ಟಳು, ಮತ್ತೆ ತೇಲಿದವು. ಮೂರನೆಯ ದಿನ ನಾನೇ ಕುಣಿಯಿಂದ ಎದ್ದು ಬಂದು ಒಂದೊಂದು ಗಿಡದ ಬುಡಕ್ಕೂ ಒಂದೊಂದು ಬೆಣಚುಕಲ್ಲು ಇಟ್ಟು, ನೂಲು ಸುತ್ತಿ, ಹರಿದ ಎಳೆಗೆ ಹಾಕುವ ಗಂಟು ಹಾಕಿಕೊಟ್ಟೆ. ಆಮೇಲೆ ಒಂದು ಎಲೆಯೂ ಮೇಲೆ ಬರಲಿಲ್ಲ. ನೇಕಾರನ ಮನೆಗೆ ಬಂದದ್ದು ಮೀನಿನ ಪುಣ್ಯ ಎಂದು ನನಗೆ ನಾನೇ ಹೇಳಿಕೊಂಡೆ.

ನೀರಿನ ವಿಷಯಕ್ಕೆ ಜಗಳ ಆಯಿತು. ಗಂಗಲಕ್ಷ್ಮಮ್ಮ ತಾಮ್ರದ ಹಂಡೆಯ ನೀರನ್ನೇ ಹುಯ್ಯಬೇಕೆಂದಳು.

"ತಾಮ್ರ ಬ್ಯಾಡ ಅಂತ ಟೀಚರ್ ಹೇಳವ್ರೆ ಅವ್ವ. ಮಣ್ಣಿನ ಮಡಕೇಲಿ ಎರಡು ದಿನ ಮಡಗಿದ ನೀರೇ ಆಗ್ಬೇಕು."

"ದ್ಯಾವ್ರಿಗೆ ಆಗೋ ತಾಮ್ರ ಈ ಮೀನಿಗೆ ಆಗಾಕಿಲ್ವಾ? ಎಂಥಾ ಮಡಿ ಐತೆ ಇದಕ್ಕೆ!"

ಕೊನೆಗೆ ಸ್ಕೂಲಿನ ಅಂಗಳದಿಂದ ತಂದ ಒಣಗಿದ ಬಾದಾಮಿ ಎಲೆಯೊಂದನ್ನು ರಂಗಿ ನೀರಿನ ಮೇಲೆ ತೇಲಿಬಿಟ್ಟಳು. ಅದೂ ಟೀಚರ ಅಪ್ಪಣೆ. ಮೂರು ದಿನಕ್ಕೆ ಜಾಡಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಬಣ್ಣ ಬಿಡುವ ನೂಲನ್ನು ನಾನು ಜನ್ಮವಿಡೀ ನೋಡಿದವನು.

"ರಂಗೀ, ಬಾ ಇಲ್ಲಿ! ಮೀನು ಬಣ್ಣ ಬಿಡ್ತಾ ಐತೆ! ಬಣ್ಣ ಗಟ್ಟಿ ಇಲ್ಲ ಇದರದ್ದು!"

ಅವಳು ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ನಗುತ್ತಿದ್ದಳು. ಎಲೆಯ ರಸ ಅದು, ಮೀನಿಗೆ ಒಳ್ಳೆಯದಂತೆ. ಎಲೆಯನ್ನು ಯಾರೂ ಮುಟ್ಟಬಾರದು ಎಂದು ಟೀಚರು ಹೇಳಿದ್ದಾರೆಂದೂ ಸೇರಿಸಿದಳು.

ಇನ್ನು ಊಟ. ಗಂಗಲಕ್ಷ್ಮಮ್ಮ ಮೊದಲ ದಿನ ಮೊಸರನ್ನದ ಒಂದು ಅಗುಳು ಹಾಕಿದಳು, ಎರಡನೆಯ ದಿನ ಪೊಂಗಲು. ಮೀನು ಮೂಸಿಯೂ ನೋಡಲಿಲ್ಲ. ಅದಕ್ಕೆ ಬೇಕಾದದ್ದು ಸೊಳ್ಳೆಯ ಮರಿ, ನಿಂತ ನೀರಿನಲ್ಲಿ ಡೊಂಕು ಡೊಂಕಾಗಿ ಕುಣಿಯುತ್ತವಲ್ಲ, ಅವು. "ಜೀವ ತಿನ್ನೋ ಜೀವಾನ ನಮ್ಮ ಜಗಲೀಲಿ ಮಡಗ್ದಲ್ಲೇ ಪಾಪಿ" ಎಂದು ಮಗಳನ್ನು ಬೈದ ಅದೇ ಹೆಂಗಸು, ಮೀನು ಎರಡು ದಿನ ಉಪವಾಸ ಬಿದ್ದದ್ದನ್ನು ನೋಡಲಾರದೆ ಹಿತ್ತಲಲ್ಲಿ ಮೂರು ಮಡಕೆ ನೀರಿಟ್ಟು ಸೊಳ್ಳೆ ಸಾಕತೊಡಗಿದಳು. ಹಳೆಯ ಮಲ್ ಬಟ್ಟೆಯಲ್ಲಿ ಸೋಸಿ ತಂದು, ಮುಖ ಆ ಕಡೆ ತಿರುಗಿಸಿಕೊಂಡು ಜಾಡಿಗೆ ಹಾಕುವಳು. ಆಮೇಲೆ ತಲೆಗೆ ನೀರು ಹುಯ್ದುಕೊಳ್ಳುವಳು.

ಒಂದು ದಿನ ಸ್ಯಾನಿಟರಿ ಇನ್‌ಸ್ಪೆಕ್ಟರ್ ಶಿವರಾಮನ್ ಸೀಮೆಎಣ್ಣೆ ಡಬ್ಬ ಹಿಡಿದ ಆಳಿನ ಜೊತೆ ಬೀದಿಗೆ ಬಂದರು. ನಮ್ಮ ಹಿತ್ತಲಿನ ಮಡಕೆಗಳನ್ನು ಬಗ್ಗಿ ನೋಡಿ ಟೋಪಿ ತೆಗೆದರು.

"ಎನ್ನಮ್ಮ ಇದು? ಊರೆಲ್ಲಾ ಸೊಳ್ಳೆ ಕೊಲ್ಲೋಕೆ ನಾನು ಅಲೀತೀನಿ, ನೀನು ಬೆಳೆ ತೆಗೀತಿದ್ದೀಯಾ?"

"ನಾನೇನ್ ಮಾಡ್ಲಿ ಸಾಮಿ, ಅದು ಅನ್ನ ಉಣ್ಣಾಕಿಲ್ಲ!" ಎಂದಳು ಇವಳು.

ಮೂರು ಮಡಕೆಗೂ ಎಣ್ಣೆ ಬಿತ್ತು. ಅಂದಿನಿಂದ ಗಂಗಲಕ್ಷ್ಮಮ್ಮ ಬಟ್ಟೆ ಹಿಡಿದು ಮನೆಮನೆಯ ಹಿತ್ತಲಿಗೆ ಹೊರಟಳು. ಕಲ್ಲಿನ ದೋಣಿ, ಒಡೆದ ಒರಳು, ದನದ ತೊಟ್ಟಿ, ಏನನ್ನೂ ಬಿಡಲಿಲ್ಲ. ಮುಂದಿನ ಸಲ ಇನ್‌ಸ್ಪೆಕ್ಟರ್ ಬಂದಾಗ ಇಡೀ ನೇಕಾರರ ಬೀದಿಯಲ್ಲಿ ಒಂದು ಮರಿಯೂ ಸಿಗಲಿಲ್ಲ. ತನ್ನ ಎಣ್ಣೆಯ ಮಹಿಮೆ ಎಂದು ಅವರು ರಿಪೋರ್ಟು ಬರೆದುಕೊಂಡು ಹೋದರು.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ನೋಡುತ್ತೇನೆ, ಜಾಡಿಯ ನೀರಿನ ಮೇಲೆ ನೊರೆ. ಗಾಜಿನ ಅಂಚಿಗೆ ಒತ್ತಿಕೊಂಡು, ಸಣ್ಣ ಸಣ್ಣ ಗುಳ್ಳೆ, ಒಂದು ರೂಪಾಯಿ ಅಗಲಕ್ಕೆ.

ನೊರೆ ಎಂದರೆ ಏನೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸಿನ ನೂಲಿಗೆ ಹಾಕುವ ಗಂಜಿಯ ಮೇಲೆ ನೊರೆ ಕಂಡಿತೆಂದರೆ ಗಂಜಿ ಹುಳಿಯಿತು ಎಂದರ್ಥ. ಗುಳ್ಳೆ ಕಂಡ ಕೂಡಲೇ ತೆಗೆದು ಎಸೆಯಬೇಕು. ಉಳಿಸಿದರೆ ಎಳೆ ಕೊಳೆಯುತ್ತದೆ, ಬೀದಿಯುದ್ದ ಚಾಚಿದ ಹಾಸು ಪಟಪಟ ಹರಿಯುತ್ತದೆ. ನನ್ನ ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದೇ. ತೆಂಗಿನ ಚಿಪ್ಪಿನ ಸೌಟು ತಂದು ನೊರೆಯನ್ನೆಲ್ಲ ತೆಗೆದು ಬೀದಿಗೆ ಚೆಲ್ಲಿದೆ. ಎರಡು ಚೊಂಬು ನೀರೂ ಬದಲಾಯಿಸಿದೆ.

ಮಾರನೆಯ ಬೆಳಿಗ್ಗೆ ನೊರೆ ಮತ್ತೆ ಅಲ್ಲೇ. ಮತ್ತೆ ತೆಗೆದೆ.

"ಅಪ್ಪ, ಬಿಟ್ಬುಡಪ್ಪ. ಅದೇ ಬಾಯಲ್ಲಿ ಗುಳ್ಳೆ ಮಾಡಿ ಮಾಡಿ ಮಡಗ್ತಾ ಐತೆ. ನಾನು ನೋಡ್ದೆ."

"ಬಾಯಲ್ಲಿ ನೊರೆ ಬರ್ತಾ ಐತೆ ಅಂತೀಯಾ? ಇನ್ನೂ ಕೆಟ್ಟೋಯ್ತು! ಮೂವತ್ತು ವರ್ಷ ಗಂಜಿ ನೋಡಿದೀನಿ ಕಣೇ. ನೀನು ಎಂಟನೇ ಕ್ಲಾಸು."

ಅವಳು ಸುಮ್ಮನಾದಳು. ನಾಲ್ಕು ದಿನ ನಾನೂ ಮೀನೂ ಹೀಗೇ ನಡೆಸಿದೆವು. ರಾತ್ರಿಯೆಲ್ಲ ಅದು, ಬೆಳಿಗ್ಗೆ ನಾನು. ಐದನೆಯ ಬೆಳಿಗ್ಗೆ ನೀರು ಕನ್ನಡಿಯಂತಿತ್ತು. ಒಂದು ಗುಳ್ಳೆಯಿಲ್ಲ! ಅವತ್ತು ನಾನು ಮಗ್ಗಕ್ಕೆ ಕೂತದ್ದೇ ತಡವಾಗಿ. ಕುಪ್ಪಸ್ವಾಮಿಯ ಅಂಗಡಿಯಲ್ಲಿ ನಿಂತು ಸಯಾಮ್ ದೇಶದ ರೋಗಕ್ಕೆ ಎಡಪ್ಪಾಡಿಯಲ್ಲಿ ಔಷಧ ಸಿಕ್ಕ ಕಥೆ ಹೇಳಿದೆ. ಆತ ಎರಡು ಸಲ ಹೇಳಿಸಿಕೊಂಡ.

ಆದರೆ ಅಂದಿನಿಂದ ಮೀನು ಬಾದಾಮಿ ಎಲೆಯ ಕೆಳಗೆ ಸೇರಿಕೊಂಡು ಹೊರಗೆ ಬರುವುದನ್ನೇ ಬಿಟ್ಟಿತು. ಸೊಳ್ಳೆಮರಿ ಹಾಕಿದರೂ ಒಂದೆರಡು ತಿಂದರೆ ಹೆಚ್ಚು. ಟೀಚರು ಬರಲು ಎಂಟು ದಿನ ಉಳಿದಿತ್ತು.

"ಇದು ಉಳಿಯಾಕಿಲ್ಲ" ಎಂದಳು ಗಂಗಲಕ್ಷ್ಮಮ್ಮ. ಅವಳ ದನಿಯಲ್ಲಿ ಖುಷಿಯಿತ್ತೋ ದುಃಖವಿತ್ತೋ ತಿಳಿಯಲಿಲ್ಲ. ಮಧ್ಯಾಹ್ನ ಮಾರಂಡಹಳ್ಳಿಗೆ ಹೋಗುವವರ ಕೈಯಲ್ಲಿ ತಮ್ಮನಿಗೆ ಹೇಳಿ ಕಳಿಸಿದಳು: ಬಂದು ಹೋಗು, ಮಾತಾಡಬೇಕು. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಜಾಡಿಗೆ ದೃಷ್ಟಿ ತೆಗೆದಳು.

"ಬೀದಿ ಕಣ್ಣು, ನೆಂಟರ ಕಣ್ಣು, ಆ ಟೋಪಿಯವನ ಕಣ್ಣು, ಎಲ್ಲಾ ಸುಟ್ಟೋಗ್ಲಿ" ಎಂದು ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. ಮೀನು ಮಾತ್ರ ಕೆಮ್ಮಲಿಲ್ಲ.

ನನಗೆ ಕೆಲಸದಲ್ಲಿ ಮನಸ್ಸಿಲ್ಲದಂತಾಯಿತು. ಒಂದು ಅಂಚನ್ನು ಎರಡು ಸಲ ಬಿಚ್ಚಿದೆ. ರಂಗಿ ಮಾತ್ರ ದಿನಕ್ಕೆ ಹತ್ತು ಸಲ ಜಾಡಿಯ ಮುಂದೆ ಕೂತು ಎದ್ದು ಹೋಗುತ್ತಿದ್ದಳು. ಮಗು ಆಸೆ ಬಿಟ್ಟಿದೆ ಎಂದುಕೊಂಡು ನಾನು ಅವಳ ಕಣ್ಣು ತಪ್ಪಿಸಿ ಓಡಾಡಿದೆ.

ಜೂನ್ ಮೊದಲ ವಾರ ಮುನಿರತ್ನಮ್ಮ ಬಂದರು. ಎಲ್ಲಪ್ಪನೂ ಅದೇ ಬೆಳಿಗ್ಗೆ ಬಂದಿದ್ದ. ಜಗಲಿಯ ಕಂಬಕ್ಕೆ ಒರಗಿ ಆಗಲೇ ನಿದ್ದೆಯಲ್ಲಿದ್ದ. ಟೀಚರು ಅವನನ್ನು ದಾಟಿ ಬಂದು, ಜಾಡಿಯನ್ನು ಸುತ್ತಲೂ ನೋಡಿ, ಗಿಡದ ಬುಡದ ನೂಲಿನ ಗಂಟನ್ನು ನೋಡಿ ನಕ್ಕರು. ಆಮೇಲೆ ಕೇಳಿದರು:

"ಎಲ್ಲಾ ಸರಿ. ನೊರೆ ಕಟ್ಟಲಿಲ್ಲವಾ?"

ಅವರಿಗೆ ರೋಗದ ಗುರುತು ಗೊತ್ತಿದೆ ಎಂದು ನನಗೆ ಧೈರ್ಯ ಬಂತು. "ಕಟ್ತು ಅಮ್ಮ. ಆದ್ರೆ ನಾನು ಬಿಡಲಿಲ್ಲ. ದಿನಾ ಬೆಳಿಗ್ಗೆ ಸೌಟಲ್ಲಿ ತೆಗೆದೆ. ನಾಕೇ ದಿನ! ಆಮೇಲೆ ಒಂದು ಗುಳ್ಳೆ ಬರಲಿಲ್ಲ."

ಟೀಚರು ನನ್ನನ್ನು ನೋಡಿದ ನೋಟ, ಸ್ಲೇಟಿನ ಮೇಲೆ ತಪ್ಪು ಲೆಕ್ಕ ಕಂಡವರ ನೋಟ.

"ಅದು ಅದರ ಗೂಡು ರಾಮಚಂದ್ರಪ್ಪ. ಈ ಜಾತಿಯಲ್ಲಿ ಗಂಡೇ ಗೂಡು ಕಟ್ಟೋದು. ಉಸಿರು ಊದಿ ಊದಿ ಕಟ್ಟುತ್ತೆ, ಹೆಣ್ಣು ಬರುತ್ತೆ ಅಂತ. ನಮ್ಮ ತಮ್ಮ ಮುಂದಿನ ಹಡಗಿಗೆ ಹೆಣ್ಣು ಕಳಿಸ್ತೀನಿ ಅಂತ ಬರೆದಿದ್ದಾನೆ. ಮೀನು ಚೆನ್ನಾಗಿದ್ರೆ ಮಾತ್ರ ಗೂಡು ಕಟ್ಟುತ್ತೆ. ನೀವು ನಾಲ್ಕು ದಿನ ಅದರ ಮನೆ ಕಿತ್ತುಹಾಕಿದ್ರಿ."

ಕಂಬದ ಬಳಿ ಗೊರಕೆ ಒಂದು ಮೆಟ್ಟಿಲು ಏರಿತು. ಗಂಗಲಕ್ಷ್ಮಮ್ಮ ತಮ್ಮನನ್ನು ನೋಡಿದಳು, ಮಗಳನ್ನು ನೋಡಿದಳು, ಯಾಕೋ ತಲೆ ತಗ್ಗಿಸಿದಳು.

"ತಪ್ಪು ನಂದು ತಾಯಿ" ಎಂದೆ. "ಮಗು ಬ್ಯಾಡ ಅಂತು. ನಾನೇ ಕೇಳಲಿಲ್ಲ. ಅದಕ್ಕೆ ಕಾಗದ ಇಲ್ಲ ಅನ್ಬ್ಯಾಡಿ."

"ಬೇಡ ಅಂದು ಸುಮ್ಮನಾದಳಾ?" ಎಂದು ಟೀಚರು ರಂಗಿಯ ಕಡೆ ತಿರುಗಿದರು. "ನಾಳೆ ಕ್ಲಾಸಲ್ಲಿ ದೊಡ್ಡೋರು ಯಾರೋ ಬಂದು ತಪ್ಪು ಮಾಡಿದ್ರೂ ಹೀಗೇ ಸುಮ್ಮನಿರ್ತೀಯಾ?"

ರಂಗಿ ಜಾಡಿಯ ಹತ್ತಿರ ಹೋಗಿ ಬಾದಾಮಿ ಎಲೆಯ ಒಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿದಳು. ಎಲೆಯ ಅಡಿಯಲ್ಲಿ ಅಂಗೈ ಅಗಲದ ನೊರೆ, ಬೆರಳಿನಷ್ಟು ದಪ್ಪ. ಮೀನು ಬುಸುಗುಟ್ಟುವ ಹಾಗೆ ಕಿವಿರು ಅರಳಿಸಿ ಅವಳ ಬೆರಳಿಗೇ ಹಾಯ್ದು ಬಂತು. ಎರಡು ತಿಂಗಳಲ್ಲಿ ಅದರ ಬಣ್ಣ ಅಷ್ಟು ಏರಿದ್ದನ್ನು ನಾನು ನೋಡಿರಲಿಲ್ಲ.

"ನಾಕನೇ ದಿನ ರಾತ್ರಿ ಎಲೇನ ನೊರೆ ಕಟ್ಟೋ ಅಂಚಿಗೆ ತಳ್ಳಿಟ್ಟೆ ಟೀಚರ್. ಅದೇ ಅರ್ಥ ಮಾಡ್ಕೊಂಡು ಅದರಡೀಲಿ ಕಟ್ತು. ಎಲೆ ಮುಟ್ಟಬಾರ್ದು ಅಂತ ಅಪ್ಪಂಗೆ ಮೊದಲೇ ಹೇಳಿದ್ನಲ್ಲ."

"ಮುಟ್ಟಬಾರದು ಅಂತ ನಾನು ಹೇಳಿರಲಿಲ್ಲವಲ್ಲ?"

"ಇಲ್ಲ ಟೀಚರ್. ನಾನೇ ಸೇರಿಸ್ದೆ. ಅಪ್ಪಂಗೆ ಏನು ಕಂಡ್ರೂ ಎತ್ತಿ ನೋಡೋ ಅಭ್ಯಾಸ."

ಮುನಿರತ್ನಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಪ್ಪು ತಿದ್ದಬೇಕು, ತಪ್ಪು ಮಾಡಿದೋರಿಗೆ ಗೆದ್ದೆ ಅನ್ನಿಸಬೇಕು. ಇದನ್ನ ಕಲಿಯೋಕೆ ನನಗೆ ಹದಿನೆಂಟು ವರ್ಷ ಸರ್ವೀಸ್ ಬೇಕಾಯ್ತು" ಎಂದು ಅಲ್ಲೇ ಕೂತು ಚೀಲದಿಂದ ಕಾಗದ, ಪೆನ್ನು ತೆಗೆದರು.

"ಅಪ್ಪಂಗೆ ಸುಳ್ಳು ಹೇಳಿದ್ದಕ್ಕೆ ಸರ್ಕಾರದ ಟ್ರೈನಿಂಗಾ!" ಎಂದಳು ಗಂಗಲಕ್ಷ್ಮಮ್ಮ. ಆದರೂ ಆಡಿದ ಮಾತಿಗೆ ತಪ್ಪುವವಳಲ್ಲ. ತಮ್ಮನನ್ನು ಅಲುಗಾಡಿಸಿ ಎಬ್ಬಿಸಿ, "ಏಳ್ಲಾ, ಉಂಡು ಹೊರಡು. ಎರಡು ಗಂಟೆ ಬಸ್ಸು ತಪ್ಪೀತು" ಎಂದಳು. ಆತ, ಮಾತುಕತೆ ಮುಗಿಯಿತಾ ಎಂದು ಕೇಳಿದ. ಮುಗಿಯಿತು ಎಂದೆ. ಆತನಿಗೂ ಸಮಾಧಾನವಾದಂತೆ ಕಂಡಿತು.

ಸಂಜೆ ಕಾಗದವನ್ನು ಓದಿ ಹೇಳು ಎಂದು ರಂಗಿಯನ್ನು ಕೂರಿಸಿಕೊಂಡೆ. ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಬೇರೆ ಯಾರಿಗೆ ಬರುತ್ತದೆ? ಅವಳು ಬೆರಳಿಟ್ಟು ಕನ್ನಡ ಮಾಡಿ ಮಾಡಿ ಹೇಳಿದಳು. ಹುಡುಗಿ ಜಾಣೆ, ತಾಳ್ಮೆಯವಳು, ಕಣ್ಣಿಟ್ಟು ನೋಡುವವಳು. ಈಕೆಯ ತಾಯಿ ಬೀದಿಗೆಲ್ಲ ಆರೋಗ್ಯ ತಂದವಳು. ಈಕೆಯ ತಂದೆ ನೇಯ್ಗೆಯಲ್ಲಿ ನಿಪುಣ, ನೀರಿನ ಗಿಡಗಳನ್ನು ಗಂಟು ಹಾಕಿ ನಿಲ್ಲಿಸಿದವರು, ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸಿನವರು. ಗಂಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು, ಇನ್ನೊಂದು ಸಲ ಓದು ಎಂದಳು.

ಟೀಚರು ಬರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಓದಲು ಬರದಿದ್ದರೂ ಎಳೆ ಎಣಿಸಿ ಬಾಳುವವನಿಗೆ ಸಾಲು ಎಣಿಸಲು ಬರುತ್ತದೆ. ಕಾಗದದಲ್ಲಿದ್ದದ್ದು ಒಟ್ಟು ಐದು ಸಾಲು. ಅವಳು ಓದಿದ್ದು ಹದಿನೈದಾದರೂ ಆದೀತು.

ನಾನೂ ಇನ್ನೊಂದು ಸಲ ಓದು ಎಂದೆ.