ಸುಭದ್ರಾಬಾಯಿ ಬಡಿದ ಬಾಗಿಲು

ನರೋಣಾ ಊರಿನ ಆಚೆ ಒಂದು ಬರ್ಫ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ. ಅದರ ಗೋಡೆಗೆ ಹತ್ತಿದ ಓಣಿಯಲ್ಲಿ ಸುಭದ್ರಾಬಾಯಿ ಒಬ್ಬಳೇ ಇದ್ದಳು. ಗಂಡ ಜಗದೇವ ಆ ಕಾರ್ಖಾನೆಯಲ್ಲೇ ಮಷೀನು ನೋಡಿಕೊಳ್ಳುತ್ತಿದ್ದ. ನೀರು ಬರ್ಫವಾಗಲು ಅಲ್ಲಿ ಅಮೋನಿಯಾ ಅನಿಲ ಬಳಸುತ್ತಾರೆ. ಹೋದ ವರ್ಷ ಅದರ ಪೈಪು ಒಡೆದಾಗ ಜಗದೇವ ರಸ್ತೆಯತ್ತ ಓಡಿದ. ಗಾಳಿಯ ಜೊತೆ ಅನಿಲವೂ ಅತ್ತಲೇ ಬಂತು. ಅವನು ಉಳಿಯಲಿಲ್ಲ.

"ಗಾಳಿ ಬೀಸುವ ದಿಕ್ಕು ಬಿಟ್ಟು ಅಡ್ಡಕ್ಕೆ ಓಡಿದ್ದರೆ ಬದುಕುತ್ತಿದ್ದರೋ ಏನೋ" ಎಂದು ಅಗ್ನಿಶಾಮಕ ದಳದವರು ಹೇಳಿದ ಮಾತು ಅವಳನ್ನು ಬಿಡಲಿಲ್ಲ. ಓಣಿಯವರಿಗೆಲ್ಲ ಅದನ್ನೇ ಹೇಳುತ್ತ, ಪೈಪುಗಳ ತಪಾಸಣೆ ಆಗಲೇಬೇಕು ಎನ್ನತೊಡಗಿದಳು. ಕಾರ್ಖಾನೆ ಮುಚ್ಚಿ ಕೆಲಸ ಹೋದೀತೆಂಬ ಅಂಜಿಕೆ ಅವರಿಗೆ. ಅವಳ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಬರುವುದು ಬಿಟ್ಟರು. ಕೆಲವು ದಿನ ಅವಳು ಯಾರ ಜೊತೆಗೂ ಒಂದು ಮಾತೂ ಆಡದೆ ಮಲಗುತ್ತಿದ್ದಳು.

ಪಕ್ಕದ ಮನೆಯ ಭೀಮಶಾ ಅದೇ ಕಾರ್ಖಾನೆಯ ಹಮಾಲ; ಜಗದೇವನನ್ನು ಅಣ್ಣ ಎಂದೂ ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದ. ಅವನೂ ಬೇಸರಪಟ್ಟ.

"ವೈನಿ, ಕಾರ್ಖಾನಿ ಬಂದಾದ್ರ ನಾವೇನ್ ತಿನ್ನಬೇಕ್ರಿ?"

"ಬಂದ್ ಮಾಡ್ರಿ ಅಂದೇನೇನಪಾ? ಪೈಪ್ ಚೆಕ್ ಮಾಡಿಸ್ರಿ, ಸೈರನ್ ಹಚ್ಚಿಸ್ರಿ ಅಂತ ಕೇಳಾಕತ್ತೇನಿ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಒಂದು ಮಧ್ಯಾಹ್ನ ಮೂಗು ಸೀಳುವ ವಾಸನೆ ಬಂತು. ಸುಭದ್ರಾಬಾಯಿ ಹೊರಗೆ ಬಂದಳು. ತಾನೊಬ್ಬಳೇ ಹೊಲದತ್ತ ಓಡಿಬಿಡಬಹುದಿತ್ತು. ಓಡಲಿಲ್ಲ. ಭೀಮಶಾನ ಬಾಗಿಲು ಬಡಿದು ಅವನ ಹೆಂಡತಿಯನ್ನು ಕೂಗಿದಳು.

"ಪಂಚಶೀಲಾ, ಕೂಸಿನ್ನ ಎತ್ಕೊ! ಗ್ಯಾಸ್ ಸೋರಾಕತ್ತದ!"

"ವಾಸನಿ ದಿನಾ ಬರ್ತದಲ್ರಿ ವೈನಿ," ಎಂದ ಭೀಮಶಾ, ನಿದ್ದೆಗಣ್ಣಿನಲ್ಲಿ.

"ಕಣ್ಣು ಉರಿಯಾಕತ್ತಿಲ್ಲೇನು? ಏಳು!"

ಪಂಚಶೀಲಾ ಕೂಸಿನೊಡನೆ ಹೊರಬಿದ್ದಳು. ಭೀಮಶಾ ರಸ್ತೆಯತ್ತ ತಿರುಗಿದ. ಸುಭದ್ರಾಬಾಯಿ ಅವನ ರಟ್ಟೆ ಹಿಡಿದು ಜಗ್ಗಿದಳು.

"ಆ ಕಡಿ ಬ್ಯಾಡ! ಹೊಲದಾಗ ತೊಗರಿ ಗಿಡ ಬಾಗಿದ್ದು ನೋಡು, ಗಾಳಿ ಆ ಕಡೀನ ಹೊಂಟದ. ನಿಮ್ಮಣ್ಣನೂ ಆ ಕಡೀನ ಓಡಿದ್ರಪಾ."

ಭೀಮಶಾ ಹೊಲದತ್ತ ತಿರುಗಿದ. ಒದ್ದೆ ಬಟ್ಟೆ ಮೂಗಿಗೆ ಹಿಡಿದು, ದಾರಿಯಲ್ಲಿ ಸಿಕ್ಕ ಬಾಗಿಲುಗಳನ್ನೆಲ್ಲ ಬಡಿಯುತ್ತ, ಓಣಿಯವರು ಗಾಳಿಗೆ ಅಡ್ಡಲಾಗಿ ಹೊಲ ದಾಟಿದರು. ದೂರ ಹೋದಮೇಲೆ ಪಂಚಶೀಲಾ 112ಕ್ಕೆ ಫೋನು ಮಾಡಿದಳು. ಅಗ್ನಿಶಾಮಕ ದಳದವರು ಬಂದು ಸೋರಿಕೆ ನಿಲ್ಲಿಸಿದರು. ಕೆಮ್ಮುತ್ತಿದ್ದ ಕೂಸು ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿತು.

ಮುಂದಿನ ಗ್ರಾಮಸಭೆಯಲ್ಲಿ ಭೀಮಶಾ ತಾನೇ ಎದ್ದು ನಿಂತ. "ನಮಗ ಕೆಲಸಾನೂ ಬೇಕು, ಜೀವಾನೂ ಬೇಕ್ರಿ. ಸೈರನ್ ಹಚ್ಚಿಸ್ರಿ. ಹೆಂಗ ಓಡಬೇಕಂತ ಊರಿಗೆಲ್ಲ ಕಲಿಸ್ರಿ."

ಆ ಸಂಜೆ ಪಂಚಶೀಲಾ ಬುತ್ತಿ ತಂದು ಸುಭದ್ರಾಬಾಯಿಯ ಪಕ್ಕ ಕೂತಳು. ಬುತ್ತಿ ಬಿಚ್ಚುತ್ತ ಸುಭದ್ರಾಬಾಯಿ, "ಅವತ್ತ ನಮ್ಮನಿಯವರ ಕೈ ಹಿಡದು ಜಗ್ಗೋರು ಯಾರೂ ಇರ್ಲಿಲ್ಲ ನೋಡವಾ," ಎಂದಳು. ಪಂಚಶೀಲಾ ಅವಳ ಕೈ ಹಿಡಿದುಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ಕಾರ್ಖಾನೆಯಲ್ಲಿ ಯಾವ ಅನಿಲವಿದೆ? ಸೋರಿದರೆ ತಿಳಿಸುವವರು ಯಾರು? ಇವತ್ತೇ ಪಂಚಾಯಿತಿಯಲ್ಲಿ ಕೇಳಿ. ಅನಿಲ ಸೋರಿದರೆ ನೋಡಲು ಹೋಗಬೇಡಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಪಕ್ಕಕ್ಕೆ ದೂರ ಸರಿದು 112ಕ್ಕೆ ಕರೆ ಮಾಡಿ. ಹೊರಬರಲು ಆಗದಿದ್ದರೆ ಬಾಗಿಲು, ಕಿಟಕಿ ಮುಚ್ಚಿ ಒಳಗೇ ಇರಿ. ಅಪಾಯವಿದೆ ಎಂದು ನಿಮ್ಮ ಓಣಿಯಲ್ಲಿ ಯಾರಾದರೂ ಹೇಳುತ್ತಿದ್ದರೆ, ಅವರನ್ನು ಒಂಟಿ ಮಾಡಬೇಡಿ.