ಲೇಟ್ ಹಸ್ಬೆಂಡ್

ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಜೆಯ ಇಂಗ್ಲಿಷ್ ಪಾಠ ಆಗಲೇ ಶುರುವಾಗಿತ್ತು. ಎವುಲಾಲಿಯಾ ಏದುಸಿರು ಬಿಡುತ್ತಾ ಬಂದು ಕೂತಳು. ಗ್ವಾಟೆಮಾಲಾ ಬಿಟ್ಟು ಹ್ಯೂಸ್ಟನ್ನಿಗೆ ಬಂದು ವರ್ಷ ತುಂಬಿರಲಿಲ್ಲ. ಅವಳಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಈ ಕೋಣೆಯದೇ. ಗಂಡ ಫೆರ್ಮಿನ್ ಮನೆಗಳಿಗೆ ಛಾವಣಿ ಹಾಕುವವನು. ಪಾಠದ ದಿನ ಬೇಗ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದ. ಇವತ್ತು ಬಾರದ್ದಕ್ಕೆ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು.

"ಯಾಕಮ್ಮ ಇಷ್ಟು ಹೊತ್ತಾಯ್ತು?" ಎಂದರು ಟೀಚರ್ ಗ್ರಾಸಿಯೆಲಾ. "ಇಂಗ್ಲಿಷಲ್ಲೇ ಹೇಳು, ತಪ್ಪಿಸ್ಕೋಬೇಡ."

ಎವುಲಾಲಿಯಾ ಎದ್ದು ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನು ಒಪ್ಪಿಸಿದಳು. "ಐ ಹ್ಯಾವ್ ಲೇಟ್ ಹಸ್ಬೆಂಡ್."

ಟೀಚರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾರಾಯ್ತಿ, ಬದುಕಿರೋ ಗಂಡನ್ನ ಸಾಯಿಸಿಬಿಟ್ಟೆಯಲ್ಲೇ. ಹಸ್ಬೆಂಡಿಗೆ ಮೊದಲು ಲೇಟ್ ಸೇರಿಸಿದ್ರೆ ತೀರಿಕೊಂಡ ಗಂಡ ಅಂತ. ನಮ್ಮ ಸ್ಪ್ಯಾನಿಷಲ್ಲಿ ದಿಫುಂತೋ ಅಂತೀವಲ್ಲ, ಹಾಗೆ. ಬರೋದು ತಡವಾದ್ರೆ, ಮೈ ಹಸ್ಬೆಂಡ್ ಈಸ್ ಲೇಟ್ ಅನ್ನಬೇಕು."

"ನನ್ನವನಿಗೆ ಮೊದಲನೇದೇ ಸರಿ ಕಣೇ," ಎಂದಳು ಪಕ್ಕದಲ್ಲಿದ್ದ ಒಟಿಲಿಯಾ. "ದಿನಾ ಕುಡಿದು ಬಂದು ಹೆಣದ ಹಾಗೆ ಬಿದ್ದಿರ್ತಾನೆ." ಕೋಣೆಯೆಲ್ಲ ನಕ್ಕಿತು.

ಎವುಲಾಲಿಯಾ ನಗಲಿಲ್ಲ. "ಫೋನಲ್ಲಿ ಹಂಗೇ ಅಂದ್ರಲ್ಲ ಟೀಚರ್. ಮಧ್ಯಾಹ್ನ ಯಾವಳೋ ಹುಡುಗಿ ಮಾಡಿದ್ಲು, ಅವನ ಆಫೀಸಿನವಳು ಅಂದ್ಕೊಂಡೆ. ಪಟಪಟ ಅಂತ ಏನೇನೋ ಹೇಳಿದ್ಲು. ನಂಗೆ ಸಿಕ್ಕಿದ್ದು ಲೇಟ್ ಹಸ್ಬೆಂಡ್ ಅನ್ನೋದೊಂದೇ."

ನಗು ಎಲ್ಲಿತ್ತೋ ಅಲ್ಲೇ ನಿಂತಿತು.

"ಅವಳೂ ಪದ ಹಿಂದುಮುಂದು ಮಾಡಿರ್ಬಹುದು, ಅಲ್ವಾ?" ಎವುಲಾಲಿಯಾ ಒಬ್ಬೊಬ್ಬರ ಮುಖ ನೋಡಿದಳು. "ನಾವು ಮಾಡಲ್ವಾ?"

ಎಲ್ಲರೂ ಪುಸ್ತಕದತ್ತ ತಲೆ ಬಗ್ಗಿಸಿದರು. ನಾವು ಮಾಡುತ್ತೇವೆ, ತಾಯಿ. ಹುಟ್ಟಿದಾಗಿನಿಂದ ಅದನ್ನೇ ಆಡಿದವರು ಮಾಡುತ್ತಾರೆಯೇ? ಹಾಳಾದ ಭಾಷೆ, ಬಾರದ ಬಸ್ಸಿಗೂ ಸತ್ತ ಗಂಡನಿಗೂ ಒಂದೇ ಪದ ಇಟ್ಟುಕೊಂಡು ಕೂತಿದೆ.

ಟೀಚರ್ ಅವಳ ಫೋನು ತೆಗೆದುಕೊಂಡು ಆ ನಂಬರಿಗೇ ಮಾಡಿದರು. ಎತ್ತಿದ್ದು ಆಸ್ಪತ್ರೆಯವರು. ಎವುಲಾಲಿಯಾ ಟೀಚರ ತೋಳು ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಿದ್ದಳು. ದೇವರೇ, ತಪ್ಪು ಆ ಹುಡುಗಿಯದೇ ಆಗಿರಲಿ.

ಟೀಚರ್ ಫೋನು ಇಟ್ಟು ಸ್ಪ್ಯಾನಿಷಿನಲ್ಲೇ ಹೇಳಿದರು. "ಛಾವಣಿ ಮೇಲಿಂದ ಬಿದ್ದನಂತೆ. ಫೆರ್ಮಿನ್ ಸತ್ತುಹೋದ ಕಣಮ್ಮ."

ಒಟಿಲಿಯಾ ಬಂದು ತಬ್ಬಿಕೊಂಡಳು.

"ಕೊನೆಗೆ ಆ ಹುಡುಗಿ ಸಾರಿ ಅಂದ್ಲು ಟೀಚರ್," ಎಂದಳು ಎವುಲಾಲಿಯಾ. "ನಾನು ನಗ್ತಾ ನೋ ಪ್ರಾಬ್ಲಂ ಅಂದೆ."