ಬಿಸಿ ಪಾತ್ರೆಯ ಮಣೆ

ಫಕೀರಪ್ಪನ ಬಲಗೈ ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಎಂಟು ತಿಂಗಳಾಗಿತ್ತು. ಡಾಕ್ಟರು ಬೆರಳುಗಳನ್ನು ಉಳಿಸಿಕೊಟ್ಟಿದ್ದರು. ಆದರೆ ತೋರುಬೆರಳಿಗೂ ನಡುಬೆರಳಿಗೂ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ನರ ನಿಧಾನವಾಗಿ ಬೆಳೆಯುತ್ತದೆ, ಕೈಗೆ ಕೆಲಸ ಕೊಡುತ್ತಿರಿ ಎಂದಿದ್ದರು. ಒಂದು ದಿನ ಒಲೆಯಿಂದ ಬೇಳೆಯ ಪಾತ್ರೆ ಇಳಿಸಲು ಹೋದಾಗ, ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಅವನಿಗೆ ಗೊತ್ತಾದದ್ದು. ಅಂದಿನಿಂದ ಹೆಂಡತಿ ದಾನವ್ವ ಅವನನ್ನು ಅಡುಗೆಮನೆಗೆ ಬಿಡಲಿಲ್ಲ.

"ನೀವು ಸುಮ್ನ ಕುಂದರ್ರಿ, ನಾ ಮಾಡ್ತೀನಿ" ಎನ್ನುತ್ತಿದ್ದಳು. ಅಕ್ಕರೆಯಿಂದಲೇ ಹೇಳುತ್ತಿದ್ದಳು. ಕೇಳಿದಾಗಲೆಲ್ಲ ಅವನು ಇನ್ನಷ್ಟು ಕುಗ್ಗಿಹೋಗುತ್ತಿದ್ದ.

ತಣಿಸಂದ್ರದ ಅವರ ಬಾಡಿಗೆ ಮನೆಯ ಕೆಳಗೆ ಜೈಬುನ್ನೀಸಾ ಹಳೆಯ ಕುರ್ಚಿ, ಕಪಾಟುಗಳಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟಿದ್ದರು. ಮೆಟ್ಟಿಲ ಮೇಲೆ ಕೂತೇ ಇರುವ ಫಕೀರಪ್ಪನನ್ನು ದಿನವೂ ನೋಡಿ, ಒಂದು ಬೆಳಿಗ್ಗೆ ಕರೆದು ತಟ್ಟೆಯಗಲದ ಗುಂಡು ಹಲಗೆಯೊಂದನ್ನು ಕೊಟ್ಟರು.

"ಬಿಸಿ ಪಾತ್ರೆ ಇಡೋಕೆ ಒಂದು ಮಣೆ ಮಾಡಿ, ನಿಮ್ಮನೆಗೇ. ನಾನು ಹೇಳ್ಕೊಡ್ತೀನಿ."

"ಈ ಕೈಯಿಂದ ಏನಾಗ್ತೈತ್ರಿ ಆಪಾ?"

"ಆದಷ್ಟು ಆಗ್ಲಿ."

ಅವನು ಉಪ್ಪುಕಾಗದ ಹಿಡಿದು ಮೂರು ದಿನ ಉಜ್ಜಿದ. ಸೀಳುಗಳಿಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿದ. ಪ್ರೈಮರ್ ಆದ ಮೇಲೆ ನವಿಲುಬಣ್ಣದ ಎನಾಮಲ್ ಹಚ್ಚಿದ. ಅದು ಒಣಗುವ ಮೊದಲೇ ಅವಸರದಿಂದ ಎರಡನೆಯ ಸಲ ಹಚ್ಚಿದ್ದಕ್ಕೆ ಬಣ್ಣವೆಲ್ಲ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಅವನು ಹಲಗೆಯನ್ನು ಮೂಲೆಗೆ ಸರಿಸಿಬಿಟ್ಟ. ಜೈಬುನ್ನೀಸಾ ಬೈಯಲಿಲ್ಲ.

"ನನ್ನ ಕೈಲೂ ಹೀಗಾಗಿದೆ. ಕೆರೆದು ಮತ್ತೆ ಹಚ್ಚಿ" ಎಂದರು.

ಮತ್ತೊಂದು ವಾರ ಹಿಡಿಯಿತು. ಅಂಚಿನ ಸುತ್ತ ಅವನು ಎಡಗೈಯಿಂದ ಬಿಳಿ ಚುಕ್ಕಿಗಳನ್ನಿಟ್ಟ. ಬಣ್ಣಕ್ಕೆ ನೇರ ಬಿಸಿ ತಾಗಬಾರದೆಂದು ಪಾತ್ರೆಗೆ ಆಸರೆಯಾಗಿ ಮಣೆಯ ಮೇಲೆ ಅಂಟಿಸಲು ಮೂರು ಪುಟ್ಟ ಮರದ ಗುಬುಟುಗಳನ್ನು ಜೈಬುನ್ನೀಸಾ ತಂದಿಟ್ಟರು.

"ನುಣುಪು ಬಂದಿದ್ಯಾ, ಸವರಿ ನೋಡಿ" ಎಂದರು. ಅವನು ಎಡಗೈ ಚಾಚಿದ. "ಅದಲ್ಲ, ಬಲಗೈ."

ಅವರ ಮಾತು ಮೀರಲಾರದೆ ತೋರುಬೆರಳನ್ನು ಮಣೆಯ ಮೇಲೆ ಎಳೆದ. ಏನೂ ತಿಳಿಯಲಿಲ್ಲ. ಮತ್ತೊಮ್ಮೆ ಎಳೆದಾಗ ನಡುವೆ ಒಂದು ಕಡೆ ಏನೋ ತಡೆದಂತಾಯಿತು. ಭ್ರಮೆಯಿರಬೇಕೆಂದು ಕಣ್ಣು ಮುಚ್ಚಿ, ಮಣೆಯನ್ನು ತಿರುಗಿಸಿ ಮತ್ತೆ ಹುಡುಕಿದ. ಬೆರಳು ಮತ್ತೆ ಅದೇ ತಡೆಗೆ ನಿಂತಿತು.

"ಆಪಾ, ಇಲ್ಲಿ ಏನೋ ಐತ್ರಿ."

ಜೈಬುನ್ನೀಸಾ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಬ್ರಷ್ಷಿನ ಒಂದು ಕೂದಲು ಬಣ್ಣದೊಳಗೆ ಹೂತುಹೋಗಿತ್ತು.

"ನನ್ನ ಕಣ್ಣಿಗೇ ಕಾಣ್ಲಿಲ್ಲ ಇದು" ಎಂದರು ಮೆಲ್ಲನೆ. ಫಕೀರಪ್ಪ ಆ ಜಾಗವನ್ನು ಮತ್ತೊಮ್ಮೆ ಅದೇ ಬೆರಳಿನಿಂದ ಸವರಿದ. ಆಮೇಲೆ ತಾನೇ ಕೂದಲನ್ನು ಕೆರೆದು ತೆಗೆದು, ಆ ಜಾಗಕ್ಕೆ ಬಣ್ಣ ಹಚ್ಚಿ, ಈ ಸಲ ಎರಡು ದಿನ ಕಾದ. ಗುಬುಟುಗಳನ್ನೂ ಅವನೇ ಅಂಟಿಸಿದ.

ಭಾನುವಾರ ಮಧ್ಯಾಹ್ನ ಅವನು ಮಣೆಯನ್ನು ಊಟದ ಜಾಗದಲ್ಲಿಟ್ಟು, ನಡೆದದ್ದನ್ನು ದಾನವ್ವನಿಗೆ ಹೇಳಿದ. ಅವಳು ಸಾರಿನ ಪಾತ್ರೆಯನ್ನು ಅದರ ಮೇಲಿಟ್ಟು, ಅವನ ಬೆರಳನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡಳು.

"ಈಗ ತಿಳೀತೈತೇನ್ರಿ?"

"ಒಂದೀಟು. ತಣ್ಣಗ ಐತಿ."

"ನಡುಬೆರಳು?"

"ಇನ್ನಾ ಇಲ್ಲ."

"ಬರ್ತೈತಿ ಬಿಡ್ರಿ" ಎಂದು ಅವಳು ತಟ್ಟೆಗೆ ಅನ್ನ ಬಡಿಸಿ, ಸಾರಿನ ಸೌಟನ್ನು ಅವನ ಬಲಗೈಗೆ ಕೊಟ್ಟಳು.